ಯಾವ ಸರ್ವರ್‌ಗೆ ಯಾವ ಡಿಸ್ಕ್ ಕಾಣಬೇಕು

ಗೆಳೆಯರೇ, ಇವತ್ತು ನಮ್ಮ ಮ್ಯಾನೇಜರ್ ಸುಬ್ರಾಯಪ್ಪನವರ ಕೈಯಿಂದ ಮೌಸ್ ಕಿತ್ತುಕೊಂಡೆ.

ಕೊಪ್ಪದ ನಮ್ಮ ಸಂಘದ ಕಚೇರಿಯಲ್ಲಿ ಮೂರು ಸರ್ವರ್‌ಗಳಿವೆ, ಎರಡು ಡಿಸ್ಕ್ ಪೆಟ್ಟಿಗೆಗಳಿವೆ. ಯಾವ ಸರ್ವರ್‌ಗೆ ಯಾವ ಪೆಟ್ಟಿಗೆ ಕಾಣಬೇಕು ಎಂದು ನಡುವಿನ ಸ್ವಿಚ್‌ನಲ್ಲಿ ಝೋನ್ ಮಾಡಿ ಹೇಳಬೇಕು; ಒಂದೇ ಝೋನ್‌ನಲ್ಲಿದ್ದವು ಮಾತ್ರ ಒಂದಕ್ಕೊಂದು ಕಾಣುತ್ತವೆ. ನಾನು ಎರಡು ದಿನ ರಜೆ ಹಾಕಿದ್ದೇ ತಡ, ಇವರು ಎಲ್ಲವನ್ನೂ ಒಂದೇ ಝೋನ್‌ಗೆ ಸೇರಿಸಿಬಿಟ್ಟಿದ್ದರು.

ಇವತ್ತು ಬೆಳಿಗ್ಗೆ, ಆ ಮೂರರಲ್ಲಿ ಶೃಂಗೇರಿ ಶಾಖೆಗೆಂದು ತಂದಿದ್ದ ಹೊಸ ಸರ್ವರ್‌ಗೆ ಸದಸ್ಯರ ದಾಖಲೆಗಳ ಡಿಸ್ಕ್ ಕಂಡಿದೆ. ಅದಕ್ಕೆ ಗುರುತು ಸಿಗದೆ, ಇದನ್ನು ಹೊಸ ಡಿಸ್ಕ್‌ನಂತೆ ಸಿದ್ಧಪಡಿಸಲೇ ಎಂದು ಕೇಳುತ್ತಿತ್ತು. ಸುಬ್ರಾಯಪ್ಪನವರು ಓಕೆ ಒತ್ತುವುದರಲ್ಲಿದ್ದರು. ಒತ್ತಿದ್ದರೆ ಇಷ್ಟೂ ವರ್ಷಗಳ ದಾಖಲೆಗೆ ಎಳ್ಳುನೀರು.

"ಎಲ್ಲ ಯಾಕೆ ಒಟ್ಟಿಗೆ ಹಾಕಿದ್ರಿ ಸರ್?"

"ಇಬ್ರನ್ನ ಕರೆದು ಒಬ್ರನ್ನ ಬಿಡೋಕಾಗ್ತದಾ ಮಾರಾಯ್ತಿ? ಕರೆಯೋದು ಅಂದ್ಮೇಲೆ ಊರಲ್ಲಿ ಒಂದು ಮನೆನೂ ಬಿಡಬಾರ್ದು."

"ಇದು ಮದುವೆ ಕರೆಯಲ್ಲ ಸರ್. ಸಂಬಂಧ ಇಲ್ದೇ ಇರೋರಿಗೆ ಈ ಡಿಸ್ಕ್ ಕಾಣ್ಲೇಬಾರ್ದು."

"ಆದ್ರೂ ಹೊಸದಾಗಿ ಬಂದಿದೆ. ಬಿಟ್ರೆ ಚೆನ್ನಾಗಿರೂದಿಲ್ಲ."

ನಾನು ಊಟಕ್ಕೂ ಏಳದೆ ಕೂತು, ಒಂದೊಂದು ಸರ್ವರ್‌ಗೂ ಬೇರೆ ಝೋನ್ ಮಾಡಿದೆ. ಹೊಸ ಸರ್ವರ್‌ಗೆ ಅದರ ಪೆಟ್ಟಿಗೆ ಬಿಟ್ಟು ಬೇರೇನೂ ಕಾಣುತ್ತಿಲ್ಲ ಎಂದು ಎರಡೆರಡು ಸಲ ನೋಡಿದೆ. ಕೊನೆಗೆ ಸ್ವಿಚ್‌ನ ಪಾಸ್‌ವರ್ಡನ್ನೂ ಬದಲಿಸಿದೆ.

ಸಂಜೆ ಹೊರಡುವಾಗ ಸುಬ್ರಾಯಪ್ಪನವರು ಮೆಲ್ಲಗೆ ಹೊಸ ಪಾಸ್‌ವರ್ಡ್ ಕೇಳಿದರು.

ಕ್ಷಮಿಸಿ, ಈ ಸಲ ಅವರ ಮನೆಯೊಂದನ್ನು ಬಿಟ್ಟು ಕರೆದಿದ್ದೇನೆ.