ಸಮುದ್ರಕ್ಕೆ ಹೋದ ನನ್ನ ಮೂಕಿ

ಆಫ್ರಿಕಾದಿಂದ ಬಂದ ಕಾರ್ಡಿನಲ್ಲಿ ‘ಹೂವಪ್ಪನ ಮೂಕಿ’ ಅಂತ ಬರೆದಿದೆ. ಶುದ್ಧ ಸುಳ್ಳು. ಆ ಮೂಕಿ ನನ್ನದು. ಎತ್ತಿನಗಾಡಿಯಿಂದ ಮುಂದಕ್ಕೆ ಚಾಚಿ ನೊಗಕ್ಕೆ ಸೇರುವ ಉದ್ದನೆ ಮರವೇ ಮೂಕಿ. ಅದು ಮುರಿದರೆ ಗಾಡಿಯನ್ನು ಕೋಳಿ ಕೂರಿಸಲಿಕ್ಕೆ ಇಟ್ಟುಕೊಳ್ಳಬೇಕು, ಅಷ್ಟೆ. ಸೊರಬದ ಡಿಪೋ ಹರಾಜಿನಲ್ಲಿ ಬಿಸಿಲಲ್ಲಿ ನಿಂತು, ಇಬ್ಬರ ಹತ್ತಿರ ಜಗಳ ಆಡಿ, ನಾನು ಹಿಡಿದ ಹೊನ್ನೆ ಮರ ಅದು. ಶಿಕಾರಿಪುರದ ಹೋಟೆಲಿನಲ್ಲಿ ಆ ಕಾರ್ಡನ್ನು ಯಾರಾದರೂ ಗಟ್ಟಿಯಾಗಿ ಓದಿದಾಗಲೆಲ್ಲ ನಾನು ಎದ್ದು ನಿಂತು ಹೇಳಿದ್ದೇನೆ. “ಕೂತ್ಕಳ್ರೀ ಕೆಂಪಣ್ಣ, ಚಾ ಆರುತ್ತೆ” ಅನ್ನುತ್ತಾರೆ.

ಹೂವಪ್ಪ ಸೊರಬದ ಕಡೆ ಕುಪ್ಪಗಡ್ಡೆಯವನು. ಶಿಕಾರಿಪುರದ ಗುಡ್ಡಮ್ಮನನ್ನು ಮದುವೆಯಾಗಿ, ಹುಚ್ಚರಾಯನ ಕೆರೆ ದಂಡೆಯಲ್ಲಿ ಗಾಡಿ ಕಟ್ಟುವ ಕೊಟ್ಟಿಗೆ ಹಾಕಿಕೊಂಡ. ಗಾಲಿ ಮಾಡುವುದರಲ್ಲಿ ಎರಡು ತಾಲೂಕಿಗೂ ಅವನೇ ಸೈ. ಆದರೆ ಕೆಲಸ ಯಾವತ್ತು ಮುಗಿಯುತ್ತೆ ಅಂತ ಕೇಳಿದರೆ ಒಂದೇ ಉತ್ತರ: “ಮರ ಒಣಗ್ಲಿ.” ಮಗಳ ಮದುವೆ ಯಾವಾಗ ಅಂತ ಬೀಗರು ಕೇಳಿದಾಗಲೂ ಬಾಯಿತಪ್ಪಿ “ಮರ ಒಣಗ್ಲಿ” ಅಂದವನು.

ಐವತ್ತಾರು, ಐವತ್ತೇಳರಲ್ಲಿ ರಬ್ಬರ್ ಗಾಲಿಯ ಟಯರ್ ಗಾಡಿಗಳು ಬಂದವು. ಹೂವಪ್ಪನ ಕೊಟ್ಟಿಗೆ ಮುಂದೆ ಸಾಲಾಗಿ ನಿಲ್ಲುತ್ತಿದ್ದ ಗಾಡಿಗಳು ಒಂದೊಂದೇ ಕಾಣೆಯಾಗಿ ಕೊನೆಗೆ ಮೂಕಿ ಮುರಿದುಕೊಂಡು ತಾಳಗುಂದದಿಂದ ಬಂದ ನನ್ನ ಗಾಡಿ ಒಂದು ಉಳಿಯಿತು. “ಮರ ಕೆತ್ತೋ ಹೂವಪ್ಪನ ಬಾಚಿಗೆ ಇನ್ನು ತೆಂಗಿನಕಾಯಿ ಸುಲಿಯೋ ಕೆಲಸ” ಅಂತ ಜನ ಆಡಿಕೊಂಡರು. ಅದು ಅವನ ಕಿವಿಗೂ ಬಿತ್ತು. ಅವತ್ತು ಅವನು ಊಟ ಮಾಡಲಿಲ್ಲ ಅಂತ ಗುಡ್ಡಮ್ಮ ಹೇಳಿದಳು.

ಐವತ್ತೆಂಟರ ಸಂಕ್ರಾಂತಿ ಕಳೆದ ಮೇಲೆ, ಘಟ್ಟ ಹತ್ತಿ ಬಂದ ಮರ ಸಾಗಿಸುವ ಖಾಲಿ ನಾಟಾ ಲಾರಿಯ ಮೇಲೆ ಒಂದು ದೋಣಿ ಕೂತುಕೊಂಡು ಬಂತು. ಹದಿನೇಳು ಮೊಳ ಉದ್ದ, ಒಳಗೆ ಇಬ್ಬರು ಮಲಗುವಷ್ಟು ಕೋಣೆ. ಅಂಕೋಲೆ ಕಡೆಯ ನಾಯಕ ಸಾಹೇಬರು ನಮ್ಮಲ್ಲಿ ನೀರಾವರಿ ಇಂಜಿನಿಯರು. ಮೇ ತಿಂಗಳಲ್ಲಿ ಅವರಿಗೆ ರಿಟೈರು. ಆಮೇಲೆ ಹೆಂಡತಿ ಜೊತೆ ಆ ದೋಣಿಯಲ್ಲಿ ಆಫ್ರಿಕಾಕ್ಕೆ ಹೋಗುತ್ತಾರಂತೆ. ಅಲ್ಲಿಯವರೆಗೆ ರಜೆ ಸಿಗುವುದಿಲ್ಲ, ಅದಕ್ಕೆ ಆ ಹಳೇ ದೋಣಿಯನ್ನೇ ರಿಪೇರಿಗೆ ಇಲ್ಲಿಗೆ ತರಿಸಿದ್ದರು.

“ದೋಣಿ ಕೆಲಸ ಬರುತ್ತೇನಪ್ಪ ನಿನಗೆ?”

“ನೀರಲ್ಲಿ ಹೋಗೋ ಗಾಡಿ ತಾನೇ ಸಾಹೇಬ್ರೇ” ಅಂದ ಹೂವಪ್ಪ. “ಒಂದು ತೊಟ್ಟು ಒಳಗೆ ಬಂದ್ರೆ ನನ್ನ ಬಾಚಿನ ಈ ಕೆರೆಗೆ ಎಸ್ದು ಕುಪ್ಪಗಡ್ಡೆಗೆ ಹೋಗ್ತೀನಿ.”

ಈ ಮಾತನ್ನು ಅವನು ಹತ್ತು ಜನರ ಎದುರಿಗೆ ಆಡಿದ. ಅವನ ಸೊರಬದ ಬಾಯಿ ಅಂಥದ್ದು.

ಗುಡ್ಡಮ್ಮನಿಗೆ ಬೇರೆಯೇ ಚಿಂತೆ. ಹಾಯಿ ದೋಣಿ ಅಂತ ಕೇಳಿದ್ದೇ, “ಹಾಯುತ್ತಾ ಅದು?” ಅಂತ ಎಮ್ಮೆ ಕರುವನ್ನು ಹಿತ್ತಲಿಗೆ ಕಟ್ಟಿದಳು. ಗಾಳಿಗೆ ಕಟ್ಟುವ ಬಟ್ಟೆಗೆ ಹಾಯಿ ಅನ್ನುತ್ತಾರೆ ಅಂತ ಸಾಹೇಬರು ತಿಳಿಸಿ ಹೇಳಿದರೂ, ಹೋರಿಗಳ ಊರಿನ ಹೆಂಗಸು, ದೋಣಿಯ ಮೂತಿಯ ಕಡೆಗೆ ಯಾವತ್ತೂ ಹೋಗಲಿಲ್ಲ.

ಹೂವಪ್ಪ ಕೊಳೆತ ಹಲಗೆ ಕಿತ್ತು ಹೊಸದು ಕೂರಿಸಿದ. ಸಂದಿಗೆ ಹತ್ತಿ ತುರುಕಿ ರಾಳ ಕಾಯಿಸಿ ಹೊಯ್ದ. ದೋಣಿ ಮಗುಚದ ಹಾಗೆ ತಳಕ್ಕೆ ಭಾರ ಬೇಕು ಅಂದಾಗ ಊರಲ್ಲಿದ್ದ ಒಡೆದ ಬೀಸುಕಲ್ಲುಗಳನ್ನೆಲ್ಲ ಒಟ್ಟುಮಾಡಿದ; ಒಡೆದ ಕಲ್ಲು ಮನೆಯಿಂದ ಹೋಯಿತಲ್ಲ ಅಂತ ಹೆಂಗಸರು ಕುಂಕುಮ ಹಚ್ಚಿ ಕಳಿಸಿದರು. ಅಲೆಗೆ ಹೊರಳಿ ಬೀಳಬಾರದು ಅಂತ ಮಲಗುವ ಹಲಗೆಗೆ ಅಂಚು ಕಟ್ಟಿದ. ಸಾಹೇಬರ ಹೆಂಡತಿ ನಿರ್ಮಲಮ್ಮ ನೋಡಿ, “ಐವತ್ತೈದನೇ ವರ್ಷಕ್ಕೆ ನಮ್ಮೆಜಮಾನ್ರನ್ನ ತೊಟ್ಟಿಲಿಗೆ ಹಾಕಿದೆಯಲ್ಲ ಹೂವಪ್ಪ!” ಅಂದರು.

ಇದೆಲ್ಲ ಆಗುವಾಗ ನನ್ನ ಗಾಡಿ ಮೂಕಿಯಿಲ್ಲದೆ ಮೂತಿ ನೆಲಕ್ಕೆ ಊರಿ ಬಿದ್ದಿತ್ತು. ಕೇಳಿದರೆ, ಹೊಸ ಮೂಕಿಗೆ ಅಂತ ನಾನು ತಂದುಕೊಟ್ಟ ಹೊನ್ನೆ ಮರ ಒಣಗಬೇಕಂತೆ. ಒಂದು ದಿನ ಹೋಗಿ ನೋಡುತ್ತೇನೆ, ಹಾಯಿಯ ಅಡಿಗೆ ಕಟ್ಟುವ ಉದ್ದನೆ ಮರ ನನ್ನ ಹೊನ್ನೆ! ಕೆತ್ತಿ, ಎಣ್ಣೆ ಹಚ್ಚಿ, ಕನ್ನಡಿ ಮಾಡಿದ್ದ.

“ಲೇ ಹೂವಪ್ಪ! ಯಾರ ಮರ ಇದು?”

“ನಿಂದೇ ಕೆಂಪಣ್ಣ. ಎಷ್ಟು ನೆಟ್ಟಗೆ ಒಣಗಿತ್ತು ಅಂತೀ! ಬೇರೆ ಯಾವುದೂ ಒಪ್ಪಲಿಲ್ಲ.”

“ಒಪ್ಪೋಕೆ ಮದುವೆ ಹೆಣ್ಣೇನೋ ಅದು?” ಅಂತ ಕೈಗೆ ಸಿಕ್ಕ ರಾಳದ ಗಡಿಗೆ ಎತ್ತಿ ಬೀಸಿದೆ. ಅದು ನನ್ನ ಪಂಚೆಯ ಮೇಲೇ ಬಿತ್ತು. ಒಂದು ತಿಂಗಳು ಆ ಪಂಚೆ ಮಡಚಲು ಬರಲಿಲ್ಲ.

“ದೀಪಾವಳಿ ಒಳಗೆ ಇದಕ್ಕಿಂತ ಒಳ್ಳೇದು ಮಾಡಿ ಕೊಡ್ತೀನಿ, ಈ ಬಾಚಿ ಮೇಲಾಣೆ” ಅಂದ ಹೂವಪ್ಪ.

ಏಪ್ರಿಲ್ ಬಿಸಿಲು ಬಿತ್ತು. ದೋಣಿಯ ಹಲಗೆ ಒಣಗಿ ಕುಗ್ಗಿ ಸಂದಿಗಳು ಬಾಯಿ ಬಿಟ್ಟವು. ಒಳಗೆ ಕೂತರೆ ಕೆರೆ ಕಾಣುತ್ತಿತ್ತು. ಸಾಹೇಬರು ಶಿವಮೊಗ್ಗಕ್ಕೆ ಹೋಗಿದ್ದರು; ಭಾನುವಾರ ಬಂದು ನೀರಿಗೆ ಇಳಿಸಿ ನೋಡುತ್ತೇನೆ ಅಂದಿದ್ದರು. ಹೂವಪ್ಪ ಎರಡು ದಿನ ದೋಣಿ ಸುತ್ತ ತಿರುಗಿದ. ಮೂರನೆಯ ದಿನ ನನ್ನ ಹತ್ತಿರ ಬಂದ.

“ಕೆಂಪಣ್ಣ, ಬೇಸಿಗೇಲಿ ಗಾಲಿ ಸಡಿಲಾದ್ರೆ ಏನು ಮಾಡ್ತೀವಿ?”

“ಕೆರೇಲಿ ನೆನೆಹಾಕ್ತೀವಿ. ಮರ ಉಬ್ಬಿ ಬಿಗಿಯಾಗುತ್ತೆ.”

“ನಿನ್ನ ಎತ್ತು ಹೊಡ್ಕೊಂಡು ಬಾ.”

ನನ್ನ ಮೂಕಿ ತಿಂದವನಿಗೆ ನನ್ನದೇ ಎತ್ತು! ಆದರೂ ಹೋದೆ. ಎದೆಮಟ್ಟದ ನೀರಿಗೆ ದೋಣಿ ಎಳೆದು, ಡಬ್ಬದಲ್ಲಿ ನೀರು ತುಂಬಿ, ಬೀಸುಕಲ್ಲುಗಳ ಸಮೇತ ಮುಳುಗಿಸಿದೆವು. ಮೇಲೆ ಹಾಯಿ ಕಟ್ಟುವ ಕಂಬ ಒಂದೇ ಕಾಣುತ್ತಿತ್ತು. ಮಿಂಚುಳ್ಳಿ ಬಂದು ಅದರ ಮೇಲೆ ಕೂತಿತು.

ಭಾನುವಾರ ಸಾಹೇಬರು ಗೆಳೆಯರನ್ನೂ ಕರೆದುಕೊಂಡು, ತೆಂಗಿನಕಾಯಿ ಹಿಡಿದು ಬಂದರು.

“ದೋಣಿ ಎಲ್ಲಿ?”

ಹೂವಪ್ಪ ಮಿಂಚುಳ್ಳಿ ತೋರಿಸಿದ.

ಸಾಹೇಬರ ಮುಖ ಬಿಳಿಚಿತು. ನಿರ್ಮಲಮ್ಮ ಮಾತ್ರ ತಣ್ಣಗೆ, “ಆಫ್ರಿಕಾ ದಾರೀಲಿ ಮುಳುಗೋದಕ್ಕಿಂತ ಇಲ್ಲೇ ವಾಸಿ, ಬಸ್ಸಾದ್ರೂ ಸಿಗುತ್ತೆ” ಅಂದರು. ಗೆಳೆಯರು ನಕ್ಕರು. ಸಾಹೇಬರಿಗೆ ರೇಗಿತು. “ಗಾಡಿ ಕಟ್ಟೋ ಗಮಾರನ ಕೈಗೆ ಕೊಟ್ಟೆನಲ್ಲ, ನನ್ನ ಬುದ್ಧಿಗಿಷ್ಟು!” ಅಂದುಬಿಟ್ಟರು.

ಹೂವಪ್ಪ ತಲೆ ತಗ್ಗಿಸಿದ. ನನಗೆ ಎಲ್ಲಿತ್ತೋ ಸಿಟ್ಟು! “ರೀ ಸಾಹೇಬ್ರೇ, ಅವನನ್ನ ಬೈಯೋಕೆ ನಾನಿದ್ದೀನಿ. ನನ್ನ ಮೂಕಿ ಹೋಗಿದೆ, ನನಗೆ ಹಕ್ಕಿದೆ. ನಿಮ್ಮದೇನು ಹೋಗಿದೆ? ದೋಣಿ ನೀರಲ್ಲೇ ಇದೆಯಲ್ಲ! ಒಂದು ಹೊತ್ತು ಸುಮ್ನೆ ಕೂತ್ಕಳಿ.”

ಎರಡು ಜೊತೆ ಎತ್ತು ಕಟ್ಟಿ ದೋಣಿಯ ಅಂಚು ಮೇಲೆ ಬರುವ ತನಕ ಎಳೆದೆ. ಸೀಮೆಎಣ್ಣೆ ಡಬ್ಬಗಳಲ್ಲಿ ನೀರು ಚೆಲ್ಲಿದೆವು. ದೋಣಿ ಎದ್ದು ತೇಲಿತು. ಒಳಗೆ ತಳದಲ್ಲಿ ಒಂದು ಬೆರಳು ನೀರು ಉಳಿದಿತ್ತು. ಹೂವಪ್ಪ ಅದರ ಮಟ್ಟಕ್ಕೆ ಉಳಿಯಿಂದ ಗೆರೆ ಗೀಚಿ, ಬಾಚಿಯನ್ನು ಎಲ್ಲರಿಗೂ ಕಾಣುವ ಹಾಗೆ ದೋಣಿ ಕೋಣೆಯ ಮುಚ್ಚಿಗೆಯ ಮೇಲಿಟ್ಟ. “ನೀರು ಈ ಗೆರೆ ದಾಟಿದ್ರೆ ಎಸೀರಿ.”

ಸಾಹೇಬರು, ನಿರ್ಮಲಮ್ಮ, ಹೂವಪ್ಪ ಮೂವರೂ ದೋಣಿಯಲ್ಲಿ ಕೂತರು. ಹಗ್ಗ ನನ್ನ ಕೈಯಲ್ಲಿತ್ತು. ದಂಡೆ ತುಂಬ ಜನ. ಬೆಳಗ್ಗೆ ಒಂಬತ್ತರಿಂದ ಬಿಸಿಲು ಇಳಿಯುವ ತನಕ ಯಾರೂ ಕದಲಲಿಲ್ಲ. ಗುಡ್ಡಮ್ಮ ದೂರದಿಂದಲೇ ರೊಟ್ಟಿ ಕಳಿಸಿದಳು. ಸಂಜೆ ಸಾಹೇಬರು ಬಗ್ಗಿ ಗೆರೆ ನೋಡಿದರು. ನೀರು ಎಲ್ಲಿತ್ತೋ ಅಲ್ಲೇ ಇತ್ತು. ಕನ್ನಡಕ ತೆಗೆದು ಒರೆಸಿಕೊಂಡು, “ನಮ್ಮಜ್ಜನೂ ಮಳೆಗಾಲ ಮುಗಿದ ಮೇಲೆ, ಸೂರಿನಡಿ ಒಣಗಿದ ದೋಣೀನ ಹೀಗೇ ನೆನೆಹಾಕ್ತಿದ್ದ. ಕಾಲೇಜಿಗೆ ಹೋಗಿ ಮರೆತುಬಿಟ್ಟೆ” ಅಂದರು. ಬಾಚಿಯನ್ನು ಎರಡೂ ಕೈಯಲ್ಲಿ ಎತ್ತಿ ಹೂವಪ್ಪನಿಗೆ ಕೊಟ್ಟರು.

ಮಾರನೇ ದಿನದಿಂದ ಹೂವಪ್ಪನ ಕೊಟ್ಟಿಗೆ ಮುಂದೆ ಮತ್ತೆ ಗಾಡಿಗಳ ಸಾಲು. ನನ್ನದು ಕೊನೆಗೆ ಹೋಯಿತು.

ಮಳೆಗಾಲ ಕಳೆದ ಮೇಲೆ ದೋಣಿ ಲಾರಿ ಹತ್ತಿ ಸಮುದ್ರಕ್ಕೆ ಹೋಯಿತು, ನನ್ನ ಮೂಕಿಯೂ. ಮಾರನೇ ವರ್ಷ ಆಫ್ರಿಕಾದ ಮೊಂಬಾಸದಿಂದ ಆ ಕಾರ್ಡು ಬಂತು: ಬಿರುಗಾಳಿಯಲ್ಲಿ ಹಾಯಿ ಹರಿಯಿತು, ಹಗ್ಗ ಹರಿಯಿತು, ಹೂವಪ್ಪನ ಮೂಕಿ ಮಾತ್ರ ಅಲ್ಲಾಡಲಿಲ್ಲ, ಅಂತ. ಓದಿಸಿಕೊಂಡ ಹೂವಪ್ಪ ನನ್ನ ಕಡೆ ನೋಡಿ ನಕ್ಕ. ದೀಪಾವಳಿ ಆಗಲೇ ಕಳೆದಿತ್ತು. “ಮರ ಒಣಗ್ಲಿ ಕೆಂಪಣ್ಣ” ಅಂದ.

ಐವತ್ತೊಂಬತ್ತರ ಆಷಾಢದಲ್ಲಿ ಮೂರು ದಿನ ಜ್ವರ ಬಂದು ಹೂವಪ್ಪ ತೀರಿಕೊಂಡ. ತಿಥಿ ಕಳೆದ ಮೇಲೆ ಗುಡ್ಡಮ್ಮ ನನ್ನನ್ನು ಕೊಟ್ಟಿಗೆಗೆ ಕರೆದಳು. ಮೂಲೆಯಲ್ಲಿ ಇನ್ನೂ ಮೂಕಿಯಾಗದ ಒಂದು ಹೊನ್ನೆ ಮರ ಮಲಗಿತ್ತು. ತುದಿಯಲ್ಲಿ ಉಳಿಯಿಂದ ಒಂದು ಮುಖ ಕೊರೆದಿದ್ದ: ದೊಡ್ಡ ಮೀಸೆ, ಬಾಯಿ ಇಷ್ಟಗಲ ತೆರೆದು ಯಾರನ್ನೋ ಬೈಯುತ್ತಿತ್ತು.

“ಓದು ಬರಹ ಬರ್ತಿರಲಿಲ್ಲವಲ್ಲ ಅಣ್ಣ” ಅಂದಳು. “ನಿಮ್ದು ಅಂತ ಗುರುತಿಗೆ ಇಟ್ಟಿದ್ರು.”

ಮರ ಮನೆಗೆ ತಂದೆ. ಕೆತ್ತಲಿಕ್ಕೆ ಬೇರೆ ಯಾರಿಗೂ ಕೊಟ್ಟಿಲ್ಲ. ಗಾಡಿಗೆ ಮೂಕಿ ಬದಲು ಬಿದಿರು ಕಟ್ಟಿಕೊಂಡು ಓಡಾಡುತ್ತಿದ್ದೇನೆ. ಮರ ಚೆನ್ನಾಗಿ ಒಣಗಿದೆ. ಮೂಕಿ ಮಾಡಿ ಕೊಡಬೇಕಾದವನು ಇನ್ನೂ ಕೊಟ್ಟಿಲ್ಲ.