ಚಾವಣಿ ಹತ್ತಿದ ಮೇಜುಗಳು

ಹೆಬ್ಬಾರ್ ಸರ್ ಯಾವ ವಸ್ತುವನ್ನೂ ನೇರವಾಗಿ ಕೆಳಗಿಡುತ್ತಿರಲಿಲ್ಲ. ಮೊದಲು ಅಂಗೈಯಿಂದ ಗಾಳಿಯನ್ನು ಒಮ್ಮೆ ಸವರುತ್ತಿದ್ದರು, ಹೋಟೆಲಿನವರು ಮೇಜು ಒರೆಸಿದ ಹಾಗೆ. ಆಮೇಲೆಯೇ ಕಾಫಿ ಲೋಟ ಇಳಿಯುತ್ತಿತ್ತು. ವೇಲಚೇರಿಯ ಆಫೀಸಿನಲ್ಲಿ ಕಂಪ್ಯೂಟರಿನೊಳಗೆ ಕಟ್ಟಡ ಕಟ್ಟುವುದನ್ನು ನನಗೆ ಕಲಿಸಿದವರು ಅವರು.

ಪರದೆಯ ಮೇಲೆ ಏನನ್ನಾದರೂ ಇಡುವ ಮೊದಲು ಅದು ಯಾವ ಸಮತಲದ ಮೇಲೆ ಕೂರಬೇಕೆಂದು ಸಾಫ್ಟ್‌ವೇರಿಗೆ ಹೇಳಬೇಕು. ಅದೇ ವರ್ಕ್ ಪ್ಲೇನ್, ಹೆಬ್ಬಾರರ ಬಾಯಲ್ಲಿ ‘ತಳ’. ಹೇಳದಿದ್ದರೆ ಅದು ಹಿಂದಿನದನ್ನೇ ಹಿಡಿದುಕೊಂಡಿರುತ್ತದೆ.

“ತಳ ಕೇಳದೆ ಸೊಳ್ಳೆ ಸಹ ಕೂತ್ಕೊಳ್ಳುದಿಲ್ಲ ಮಾರಾಯ್ತಿ,” ಎನ್ನುತ್ತಿದ್ದರು.

ಅಂಥವರೇ ಮರೆತರು. ಅಂದು ನಡೆದದ್ದನ್ನು ಕಂಡಷ್ಟೇ ಬರೆಯುತ್ತೇನೆ. ಅಡ್ಯಾರಿನಲ್ಲಿ ಹೊಸ ಹೋಟೆಲು ಕಟ್ಟಿಸಲಿದ್ದ ಐತಾಳರಿಗೆ ಮಾದರಿ ತೋರಿಸಬೇಕಿತ್ತು. ಈ ಕೆಲಸ ಕೈತಪ್ಪಿದರೆ ಹೆಬ್ಬಾರರೂ ಮನೆಗೆ ಹೋಗಬೇಕೆಂದು ಬಾಸ್ ಬೆಳಿಗ್ಗೆಯೇ ಹೇಳಿದ್ದರು. ಹೆಬ್ಬಾರರು ಇಳಿಜಾರು ಚಾವಣಿಗೆ ಸೋಲಾರ್ ಫಲಕ ಕೂರಿಸಿ, ತಳ ಬದಲಿಸದೆ ಊಟದ ಹಾಲ್‌ನ ಮೇಜು ಕುರ್ಚಿಗಳನ್ನು ಇಟ್ಟಿದ್ದರು. ಮೇಲಿನಿಂದ ನೋಡುವ ನಕ್ಷೆಯಲ್ಲಿ ಎಲ್ಲವೂ ಸರಿಯಾಗಿಯೇ ಕಂಡಿತ್ತು. ಗೋಡೆಯ ಪರದೆಯಲ್ಲಿ ಕಟ್ಟಡ ತಿರುಗಿದಾಗ ಮೇಜುಗಳೆಲ್ಲ ಚಾವಣಿಯ ಮೇಲೆ ವಾಲಿ ನಿಂತಿದ್ದವು.

ಐತಾಳರು ತಲೆ ವಾಲಿಸಿದರು. ನಂತರ ಭುಜ. ಅವರ ಮ್ಯಾನೇಜರ್ ವಾಲಿದರು. ಬಾಸ್ ವಾಲಿದರು. ನಾನೂ ವಾಲಿದ್ದೇನೆಂದು ಕುರ್ಚಿಯ ಕೈ ಪಕ್ಕೆಗೆ ಒತ್ತಿದಾಗ ತಿಳಿಯಿತು. ಯಾರೂ ನಗಲಿಲ್ಲ.

“ಸಾಂಬಾರು ಬಡಿಸುವವ ಸೊಂಟಕ್ಕೆ ಹಗ್ಗ ಕಟ್ಕೊಳ್ಬೇಕಾ?” ಐತಾಳರು ಕೇಳಿದರು.

“ಒಂದು ನಿಮಿಷ,” ಎಂದ ಹೆಬ್ಬಾರರು ಕೀಬೋರ್ಡ್ ಮುಟ್ಟಲಿಲ್ಲ. ಪ್ರೊಜೆಕ್ಟರನ್ನೇ ಎರಡೂ ಕೈಯಲ್ಲಿ ಎತ್ತಿ ಓರೆಯಾಗಿ ಹಿಡಿದರು. “ಈಗ?”

“ಈಗ ಮೇಜು ಸರಿ ಉಂಟು. ಕಟ್ಟಡ ಬಿತ್ತಲ್ಲ ಮಾರಾಯ್ರೆ!”

ಐತಾಳರು ಎದ್ದು ಹೋದರು, ಬಾಗಿಲವರೆಗೂ ಸ್ವಲ್ಪ ವಾಲಿಕೊಂಡೇ. ಏನಿದು ಎಂಬಂತೆ ಬಾಸ್ ತಮಿಳಿನಲ್ಲಿ “ಎನ್ನ ಸಾರ್ ಇದು?” ಎಂದಷ್ಟೇ ಹೇಳಿದರು. ಹೆಬ್ಬಾರರಿಗೆ ಅಷ್ಟು ಸಾಕಾಯಿತು. ಪ್ರೊಜೆಕ್ಟರನ್ನು ಮೆಲ್ಲನೆ ಇಳಿಸಿ ಚೀಲ ತುಂಬತೊಡಗಿದರು.

ಆ ಹೊತ್ತಿನಲ್ಲಿ ನಾನು ಮೇಜುಗಳನ್ನೆಲ್ಲ ಆಯ್ದು, ತಳವನ್ನು ನೆಲಮಹಡಿಗೆ ಬದಲಿಸಿದೆ. ಅವು ಸದ್ದಿಲ್ಲದೆ ಇಳಿದು ಊಟದ ಹಾಲ್‌ನಲ್ಲಿ ನೆಟ್ಟಗೆ ನಿಂತವು. ನೋಡಲು ಯಾರೂ ಇರಲಿಲ್ಲ.

ಲಿಫ್ಟಿನ ಬಳಿ ಕೇಳಿಯೇಬಿಟ್ಟೆ: “ಸರ್, ತಳ ಬದಲಿಸಿದ್ರೆ ಆಗ್ತಿತ್ತಲ್ಲ? ಯಾಕೆ ಬದಲಿಸಲಿಲ್ಲ?”

“ನಂಗೆ ಗೊತ್ತಿಲ್ವಾ ಮಾರಾಯ್ತಿ? ಅಷ್ಟು ದೊಡ್ಡವರು ಕುತ್ತಿಗೆ ವಾಲಿಸಿ ಕೂತಿದ್ರು. ಒಮ್ಮೆಗೇ ಮೇಜು ನೆಟ್ಟಗೆ ಮಾಡಿದ್ರೆ ಅವರಿಗೆ ಎಂತ ಮರ್ಯಾದೆ?”

ಅವರು ಲಿಫ್ಟಿನೊಳಗೆ ಹೋದರು, ಬಾಗಿಲು ಮುಚ್ಚಿತು. ಆ ಮಾತಿನಲ್ಲಿ ತಪ್ಪು ಎಲ್ಲಿದೆಯೆಂದು ಹುಡುಕುತ್ತ ಅಲ್ಲೇ ನಿಂತಿದ್ದೆ. ಲಿಫ್ಟ್ ಕೆಳಗೆ ಹೋಗಿ, ಖಾಲಿಯಾಗಿ ಮರಳಿ ಬಂತು.