ರೆಬೆಕಾ ನಡೆಸಿದ ಹಳೆಯ ಹೊಲದ ದಾರಿ

ನನ್ನ ನಾದಿನಿ ರೆಬೆಕಾ ಉಡುಪಿಯವಳು. ಹರ್ಟ್ಸೋಗೆನಾವ್‌ರಾಕ್ ಎಂಬ ಜರ್ಮನಿಯ ಊರಿನ ಹತ್ತಿರ ನರ್ಸ್ ಆಗಿದ್ದು ನಿವೃತ್ತಳಾದ ಮೇಲೆ ಸುಮ್ಮನೆ ಕೂರಲಾರದೆ ಒಂದು ನಡಿಗೆಯ ಸಂಘ ಸೇರಿದಳು. ಜನರನ್ನು ಕರೆದೊಯ್ದು ಜಾಗ ತೋರಿಸಿ ವಿವರಿಸಬೇಕೆಂಬುದು ಅವಳ ಆಸೆ. ಹೋದ ಭಾನುವಾರ ಅದಕ್ಕೆ ಪರೀಕ್ಷೆ ಇತ್ತು. ಸಂಘದ ಮುಖ್ಯಸ್ಥೆ ಫ್ರಾವ್ ಕೆಲ್ಲರ್, ಅಂದರೆ ಶ್ರೀಮತಿ ಕೆಲ್ಲರ್, ಒಪ್ಪಬೇಕು. ನಾನೂ ಜೊತೆಗೆ ಹೋದೆ.

ದಾರಿ ಸುಲಭದ್ದು. ನೂರಾರು ವರ್ಷಗಳ ಹಿಂದೆ ಉತ್ತ ಹೊಲಗಳಲ್ಲಿ ಈಗ ಮರ ಬೆಳೆದಿವೆ. ಆದರೂ ನೆಲ ಉದ್ದುದ್ದ ದಿಬ್ಬವಾಗಿ, ನಡುನಡುವೆ ತಗ್ಗಾಗಿ ಹಾಗೆಯೇ ಉಳಿದಿದೆ.

ರೆಬೆಕಾ ನೇರವಾಗಿ ದಿಬ್ಬ ಹತ್ತಿದಳು. "ಆ ಕಾಲದ ರೈತರಂತೆ ನಡೆಯೋಣ, ಪೈರು ತುಳಿಯದೆ ಮೇಲೆಯೇ ಬನ್ನಿ" ಎಂದು ಎಲ್ಲರಿಗೂ ಜರ್ಮನ್‌ನಲ್ಲಿ ಹೇಳಿ, "ಅತ್ತಿಗೆ, ನೀವೂ ಹುಣಿಯಲ್ಲೇ ಬನ್ನಿ ಮಾರಾಯ್ರೆ" ಎಂದಳು. ನಮ್ಮಲ್ಲಿ ಗದ್ದೆಗಳ ನಡುವಿನ ಎತ್ತರದ ಹುಣಿಯ ಮೇಲೆ ತಾನೇ ನಡೆಯುವುದು, ನನಗೂ ಸರಿಯೆನಿಸಿತು.

ಫ್ರಾವ್ ಕೆಲ್ಲರ್ ನಿಂತುಬಿಟ್ಟರು. "ರೆಬೆಕಾ, ನೀವು ನಮ್ಮನ್ನು ಪೈರಿನ ಮೇಲೇ ನಡೆಸುತ್ತಿದ್ದೀರಿ. ಇಲ್ಲಿ ಆಗ ಬಿತ್ತುತ್ತಿದ್ದುದು ದಿಬ್ಬದಲ್ಲಿ."

ಅವಳ ಮುಖ ಸಣ್ಣದಾಯಿತು. "ಹೋಯ್ತು ಅತ್ತಿಗೆ, ನಂದು ಮುಗೀತು" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಆಮೇಲೆ ತಗ್ಗಿಗಿಳಿದು ಎಲ್ಲರಿಗೂ ಬಿಡಿಸಿ ಹೇಳಿದಳು: ನಮ್ಮ ಭತ್ತಕ್ಕೆ ನೀರು ನಿಲ್ಲಬೇಕು, ಅದಕ್ಕೆ ಪೈರು ಕೆಳಗೆ, ನಡೆಯುವವರು ಮೇಲೆ. ಇಲ್ಲಿನ ಗೋಧಿಯಂಥ ರೈ ಬೆಳೆ ನೀರು ನಿಂತರೆ ಕೊಳೆಯುತ್ತದೆ, ಅದಕ್ಕೆ ಎಲ್ಲವೂ ತಿರುಗಾಮುರುಗಾ.

"ಹಾಗಾದರೆ ನಾವು ಕೆಸರಲ್ಲಿ ನಡೆಯಬೇಕೇ?" ಎಂದ ಒಬ್ಬ ಮುದುಕ.

"ನಿಮ್ಮ ಅಜ್ಜಂದಿರನ್ನು ಕೇಳಿ" ಎಂದಳು. ಎಲ್ಲರೂ ನಕ್ಕರು.

ಫ್ರಾವ್ ಕೆಲ್ಲರ್ ನಗಲಿಲ್ಲ. "ಮುಂದಿನ ತಿಂಗಳು ಇನ್ನೊಮ್ಮೆ ನಡೆಸಿ, ಆಗ ಹೇಳುತ್ತೇನೆ. ಆ ಭತ್ತದ ಮಾತು ಮಾತ್ರ ಬಿಡಬೇಡಿ" ಎಂದರು.